ಹರಿಗೋಲತ್ತಿ ಹೇಳಿಕಳಿಸಿದ ಸೋಮವಾರ

ನನ್ನ ಮೊಣಕಾಲಿಗೆ ಹಚ್ಚಲೆಂದು ಸೊಸೆ ಔಡಲೆಣ್ಣೆ ಕಾಸುತ್ತಿದ್ದಳು. ಅದರ ವಾಸನೆ ಅಡುಗೆಮನೆಯಿಂದ ಪಡಸಾಲೆಗೆ ಬಂತು. ಅದೇ ಹೊತ್ತಿಗೆ ಮೊಮ್ಮಗಳು ಬಂದು ನನ್ನ ಮಂಚದ ತುದಿಗೆ ಕೂತಳು. ಅವಳು ಇಲ್ಲೇ ಯಾದಗಿರಿಯ ಶಾಲೆಯೊಂದರಲ್ಲಿ ಟೀಚರು. ಜೊತೆಯವರೆಲ್ಲ ಸೇರಿ ಕಾರವಾರದ ಕಡೆ ಹೋಗಿ, ಹಾಯಿದೋಣಿಯೊಂದನ್ನು ಎರಡು ದಿನಕ್ಕೆ ಬಾಡಿಗೆ ಹಿಡಿದು, ದಂಡೆಗುಂಟ ಸಮುದ್ರದ ಮೇಲೆ ತಿರುಗಿ ಬರಬೇಕೆಂದು ಹವಣಿಸುತ್ತಿದ್ದಾರೆ. ಯಾವ ತಿಂಗಳು ಎನ್ನುವುದರಲ್ಲೇ ಹದಿನೈದು ದಿನದಿಂದ ಜಗಳ. ಒಬ್ಬರಿಗೆ ಬೇಸಿಗೆ ರಜೆ ಬೇಕು, ಒಬ್ಬರಿಗೆ ದಸರೆ ರಜೆ ಬೇಕು. ಇನ್ನೊಬ್ಬಾಕೆಗೆ ಮಳೆಗಾಲವೇ ಆಗಬೇಕಂತೆ, ಫೋಟೋ ಚೆಂದ ಬರುತ್ತವಂತೆ.

"ಆಯೀ, ನೀ ಹೊಳಿ ದಂಡಿ ಊರಾಗ ಬಾಳೇ ಮಾಡ್ದಾಕಿ. ನೀನರ ಹೇಳು, ನೀರಿನ ಮ್ಯಾಲ ತಿರಗಾಕ ಯಾವ ಹಂಗಾಮ ಚೊಲೋ?"

ಉತ್ತರ ನನಗೆ ಗೊತ್ತಿತ್ತು. ಆದರೆ ಆ ಎಣ್ಣೆಯ ವಾಸನೆ ಆಗಲೇ ನನ್ನನ್ನು ಹರಿಗೋಲತ್ತಿಯ ಅಂಗಳಕ್ಕೆ ಎಳೆದುಕೊಂಡು ಹೋಗಿತ್ತು…

ನಾನು ಮದುವೆಯಾಗಿ ಹೋದ ಊರು ಭೀಮೆಯ ದಂಡೆಯ ಮೇಲಿತ್ತು, ಶಹಾಪುರದ ಕಡೆಯ ದಂಡೆ. ನಮ್ಮ ಹೊಲವಿದ್ದದ್ದು ಆಚೆ ದಂಡೆಗೆ, ಯಾದಗಿರಿಯ ಕಡೆ. ಹೊಳೆಯಲ್ಲಿ ನೀರಿರುವಷ್ಟು ದಿನ ಹರಿಗೋಲು ಹತ್ತದೆ ನಮಗೆ ಹೊಲವಿಲ್ಲ, ರೊಟ್ಟಿಯಿಲ್ಲ. ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆಯ ಚರ್ಮ ಹೊಲಿದ ಆ ಗುಂಡು ದೋಣಿಯನ್ನು ನಡೆಸುತ್ತಿದ್ದವಳು ನಮ್ಮ ಪಕ್ಕದ ಮನೆಯ ಅಂಬಿಗರ ಹೆಂಗಸು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಊರೆಲ್ಲ ಅವಳನ್ನು ಹರಿಗೋಲತ್ತಿ, ಹರಿಗೋಲಿನ ಅತ್ತೆ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹೊಸದರಲ್ಲಿ ನನಗೆ ನೀರು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಹರಿಗೋಲು ಹತ್ತುವಾಗ ಅವಳು ಹುಟ್ಟನ್ನು ಬಗಲಿಗೆ ಒತ್ತಿಕೊಂಡು ನನಗೆ ಕೈ ಚಾಚುವಳು. ಚರ್ಮ ಬಿರಿಯದಿರಲೆಂದು ಔಡಲೆಣ್ಣೆ ಕಾಸಿ ತಿಕ್ಕಿ ತಿಕ್ಕಿ ಆ ಅಂಗೈಗೇ ಎಣ್ಣೆಯ ವಾಸನೆ ಹತ್ತಿಬಿಟ್ಟಿತ್ತು. ಆ ಕೈ ಹಿಡಿದರೆ ನನ್ನ ಹೆದರಿಕೆ ಹೋಗುತ್ತಿತ್ತು.

ಅವಳಿಗೆ ಒಬ್ಬನೇ ಮಗ. ತಾಯಿಗೆ ಕೈಯಾಸರೆಯಾಗಿ ಬೆಳೆದಿದ್ದ. ನಮ್ಮ ಮನೆಯವರಿಗೂ ಅವನಿಗೂ ಒಂದೇ ವಯಸ್ಸು, ಒಂದೇ ಜೀವ.

ನಿಜಾಮರ ಆಳಿಕೆ ಮುಗಿಯಲು ಇನ್ನೊಂದು ವರ್ಷವಿತ್ತು. ಊರಿನ ನಡುವೆ, ಹೊಳೆಗೆ ಮುಖ ಮಾಡಿ, ಧಣಿಯ ವಾಡೆ ಇತ್ತು. ಆ ಮಳೆಗಾಲ ಧಣಿಯ ಮನೆಗೆ ಹೈದರಾಬಾದಿನಿಂದ ಅತಿಥಿಗಳು ಬಂದರು. ಹೊಟ್ಟೆ ತುಂಬ ಉಂಡ ಮೇಲೆ ಅವರಿಗೆ ಹೊಳೆಯ ಮೇಲೆ ಸೈರು ಹೋಗುವ, ಸುಮ್ಮನೆ ಮೋಜಿಗೆ ಸುತ್ತಾಡುವ, ಮನಸ್ಸಾಯಿತು. ಹರಿಗೋಲತ್ತಿ ಶಹಾಪುರದ ಸಂತೆಗೆ ಹೋಗಿದ್ದಳು. ಹರಿಗೋಲು ಕಟ್ಟುವ ಘಾಟಿನಲ್ಲಿ ಇದ್ದವನು ಮಗ. ಅವನು ಕೈ ಮುಗಿದು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ, ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಮಘಿ ಮಳಿ ನೀರದ್ರಿ ಧಣೀ. ಹೊಳಿ ತನ್ನ ಕೈಯಾಗ ತಾ ಇಲ್ಲ. ಸೀಗಿ ಹುಣ್ಣಿಮಿ ಆಗ್ಲಿ, ಎಲ್ಲಿಗಂದ್ರ ಅಲ್ಲಿಗಿ ಒಯ್ತೀನಿ."

ಧಣಿ ಅತಿಥಿಗಳ ಕಡೆ ನೋಡಿ ನಕ್ಕ. "ಹಂಗಾದ್ರ ಮೊದಲ ನೀ ಒಬ್ಬಾಂವ ಒಂದು ಸುತ್ತು ಹಾಕಿ ಬಾ. ನೀ ತಿರುಗಿ ಬಂದ್ರ ನಾವು ಹತ್ತತೀವಿ" ಅಂದ.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಇಲ್ಲ ಎಂದು ಇನ್ನೊಮ್ಮೆ ಅನ್ನುವ ಕಾಲ ಅದಾಗಿರಲಿಲ್ಲ. ಹುಡುಗ ಹೊಳೆಗೆ ಹಣೆ ಹಚ್ಚಿ ಹರಿಗೋಲು ಬಿಟ್ಟ. ನಡುಹೊಳೆಯವರೆಗೆ ಕಂಡ. ಅಲ್ಲಿ ಹರಿಗೋಲು ಎರಡು ಸಲ ಗಿರಕಿ ಹೊಡೆದು ಬಂಡೆಯ ಮರೆಗೆ ಹೋಯಿತು, ಆಮೇಲೆ ಘಾಟಿನಲ್ಲಿ ನಿಂತ ನಮಗೆ ಏನೂ ಕಾಣಲಿಲ್ಲ. ಮೂರು ದಿನಕ್ಕೆ ಹರಿಗೋಲು ಎರಡು ಹರದಾರಿ ಕೆಳಗೆ ಜಾಲಿಕಂಟಿಯಲ್ಲಿ ಸಿಕ್ಕಿತು. ಅವನು ಸಿಗಲೇ ಇಲ್ಲ.

ಅತಿಥಿಗಳು ಚಹಾ ಕುಡಿದು ಹೋದರು. "ನೀವ ಕೊಂದ್ರಿ" ಎಂದು ಘಾಟಿನಲ್ಲಿ ಎಲ್ಲರೆದುರು ಕೂಗಿದವರು ನಮ್ಮ ಮನೆಯವರೊಬ್ಬರೇ. ಮಾರನೆಯ ದಿನ ವಾಡೆಯಿಂದ ಅವರಿಗೆ ಕರೆ ಬಂತು. ಮಧ್ಯಾಹ್ನ ಬಂಡಿಯಲ್ಲಿ ಹಾಕಿ ಕಳಿಸಿದರು, ಬಲಗಾಲಿನ ಎಲುಬು ಮುರಿದಿತ್ತು. ಅದು ಸೊಟ್ಟಗೇ ಕೂಡಿತು. ಸಾಯುವ ತನಕ ಅವರು ಕುಂಟುತ್ತಲೇ ನಡೆದರು. ಹರಿಗೋಲತ್ತಿಗೆ ಧಣಿ ಒಂದು ಚೀಲ ಜೋಳ ಕಳಿಸಿದ. ಅವಳು ಚೀಲವನ್ನು ಘಾಟಿಗೆ ಎಳೆದುಕೊಂಡು ಹೋಗಿ, ದಿನವೆಲ್ಲ ಕೂತು, ಬೊಗಸೆ ಬೊಗಸೆಯಾಗಿ ಹೊಳೆಗೆ ಸುರಿದಳು.

"ನನ್ನ ಮಗನ್ನ ತಿಂದ ಮೀನ ಇದನ್ನೂ ತಿನ್ಲಿ" ಅಂದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಮರುವರ್ಷ ಫೌಜು ಬಂತು, ನಿಜಾಮರ ಆಳಿಕೆ ಹೋಯಿತು. ಹೊಸ ಸರಕಾರ, ಹೊಸ ಸಾಹೇಬರು, ಹೊಸ ಝಂಡಾ. ಒಂದು ತಿಂಗಳಲ್ಲಿ ಧಣಿಯ ತಲೆಯ ಮೇಲಿನ ಜರದ ರುಮಾಲು ಇಳಿದು ಬಿಳಿ ಟೊಪ್ಪಿಗೆ ಏರಿತು. ಶಾಲೆಯ ಮುಂದೆ ನಿಂತು, ನಾವೆಲ್ಲ ಒಂದೇ ಎಂದು ಭಾಷಣ ಮಾಡಿ, ನಮ್ಮ ಕೈಗೆಲ್ಲ ಬೂಂದಿ ಹಾಕಿದ. ನಾನು ಅದನ್ನು ಮನೆಗೆ ತಂದು ಎಮ್ಮೆಯ ಬಾನಿಗೆ ಸುರಿದೆ. ಸತ್ತವನ ಮಾತನ್ನು ಯಾರೂ ಎತ್ತಲಿಲ್ಲ. ಆದರೂ ಒಂದು ಬದಲಾಗಿತ್ತು. ಬಡಿಗೆ ಹಿಡಿದ ಆಳುಗಳು ಚೆದುರಿ ಹೋಗಿದ್ದರು, ಇನ್ನು ಧಣಿಗೆ ಏನಾದರೂ ಬೇಕಾದರೆ ಕೇಳಬೇಕಾಗಿತ್ತು.

ಬೇಕಾಗಿದ್ದು ಅವನ ಹೆಂಡತಿಗೆ. ಊರಿನವರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಎರಡು ವರ್ಷದಿಂದ ಕೆಮ್ಮು ಹತ್ತಿ ಸೊರಗಿ ಹೋಗಿದ್ದರು. ಅವರ ತವರು ಭೀಮೆಯ ಗುಂಟ ಎರಡು ದಿನದ ದಾರಿ ಕೆಳಗೆ, ಕೃಷ್ಣೆ ಕೂಡುವ ಸಂಗಮದ ಹತ್ತಿರ. ಹರಿಗೋಲಿನಲ್ಲೇ ಆಡಿ ಬೆಳೆದವರು. ಒಂದು ಸಲ, ಒಂದೇ ಸಲ, ಬಂಡಿಯ ದಾರಿ ಬಿಟ್ಟು ಹೊಳೆಯ ಮೇಲೆ ತವರಿಗೆ ಹೋಗಬೇಕು. ದಂಡೆಯಲ್ಲಿ ಇಳಿದು ರೊಟ್ಟಿ ಸುಟ್ಟು ತಿನ್ನಬೇಕು, ನೀರು ನೋಡುತ್ತ ಎರಡು ದಿನ ಕಳೆಯಬೇಕು. ಅಷ್ಟೇ ಅವರ ಆಸೆ. ಸಾಯುವ ಮೊದಲು ಎಂದು ಯಾರೂ ಅನ್ನುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಬೇರೆ ಅಂಬಿಗರಿದ್ದರಲ್ಲ ಎಂದು ನೀವು ಕೇಳಬಹುದು. ನಮ್ಮ ಘಾಟಿಗೆ ಒಂದು ಕಟ್ಟಳೆ ಇತ್ತು. ಹೊಳೆ ಯಾವ ಮನೆಯ ಜೀವ ತೆಗೆದುಕೊಂಡಿದೆಯೋ ಆ ಮನೆಯವರು ಹೂಂ ಅನ್ನುವ ತನಕ ಅಲ್ಲಿಂದ ಯಾರೂ ಸೈರಿಗೆ ಹರಿಗೋಲು ಬಿಡುವಂತಿಲ್ಲ. ಜನರನ್ನು ದಾಟಿಸಬಹುದು, ಅದು ಹೊಟ್ಟೆಪಾಡು. ಸೈರು ಬೇರೆ. ಅದನ್ನು ಮೀರಿ ಹುಟ್ಟು ಹಿಡಿಯುವ ಧೈರ್ಯ ಯಾವ ಅಂಬಿಗನಿಗೂ ಇರಲಿಲ್ಲ. ಹೀಗಾಗಿ ಧಣಿ ಹರಿಗೋಲತ್ತಿಯ ಬಾಯಿಯನ್ನೇ ಕಾಯಬೇಕಾಯಿತು. ಇದಕ್ಕಿಂತ ದೊಡ್ಡ ನ್ಯಾಯವನ್ನು ಯಾವ ಕಚೇರಿ ಕೊಡುತ್ತಿತ್ತು?

ಮೊದಲ ಸಲ ವಾಡೆಯ ಕಾರಭಾರಿ ಬಂದು, ಯಾವ ಹಂಗಾಮಿನಲ್ಲಿ ಹೊರಡಬಹುದು ಎಂದು ಕೇಳಿದ. ಅವಳು ಬೆನ್ನು ತಿರುಗಿಸಿ ಬಲೆ ಹೊಲಿಯುತ್ತಲೇ ಇದ್ದಳು. ಅವನು ಮತ್ತೆ ಮತ್ತೆ ಕೇಳಿದ ಮೇಲೆ ನನ್ನ ಕಡೆ ಬೆರಳು ತೋರಿಸಿದಳು. "ವಾಡೇಕ ನನ್ನ ಬಾಯಾಗ ಮಾತಿಲ್ಲ. ಏನಿದ್ರೂ ಈಕಿ ಬಂದು ಹೇಳ್ತಾಳ" ಅಂದಳು.

ಹೀಗೆ ನಾನು ಅವಳ ಬಾಯಿಯಾದೆ. ಒಲ್ಲೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು, ಅವಳು ಮುಗಿಸಲಿಲ್ಲ. ಒಲ್ಲೆ ಅಂದರೆ ಆಸೆ ಒಂದೇ ದಿನ ಸಾಯುತ್ತದೆ. "ಇನ್ನೊಂದೀಟು ತಡೀರಿ" ಅಂದರೆ ದಿನಾ ಸಾಯುತ್ತದೆ. ಇಬ್ಬರೂ ಅವಳ ಅಂಗಳದಲ್ಲಿ ಕೂತು, ನಾನು ಪಂಚಾಂಗ ಓದಿ, ಅವಳು ಆಕಾಶ ನೋಡಿ, ನೆವ ಹುಡುಕುತ್ತಿದ್ದೆವು. ಬೇಸಿಗೆಯಲ್ಲಿ ನೀರಿಲ್ಲ, ಬಂಡೆ ಎದ್ದಿವೆ. ಮಿರಗದ ಮಳೆಗೆ ಕೆಂಪು ನೀರು ಬಂತು, ಗಂಗವ್ವ ಹೊರಗೆ ಕೂತಿದ್ದಾಳೆ, ಮುಟ್ಟುವಂತಿಲ್ಲ. ಮಘೆ ಹುಬ್ಬೆಯ ಮಳೆಯಲ್ಲಿ ಹೊಳೆ ಹೇಗಿರುತ್ತದೆ ಎಂದು ಧಣ್ಯಾರಿಗೇ ಚೆನ್ನಾಗಿ ಗೊತ್ತಿದೆ. ಈ ಮಾತನ್ನು ನಾನು ವಾಡೆಯ ಅಂಗಳದಲ್ಲಿ ನಿಂತು ಹೇಳಿದಾಗ ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ನನ್ನ ಹೊಟ್ಟೆ ತಣ್ಣಗಾಯಿತು. ದಸರೆ ಕಳೆದು ಸೀಗಿ ಹುಣ್ಣಿಮೆ ಬಂತು, ಹೊಳೆ ತಿಳಿಯಾಯಿತು. ಆಗ ಚರ್ಮ ಹಳತಾಗಿದೆ, ಸುರಪುರದಿಂದ ಹೊಸ ಚರ್ಮ ಬರಬೇಕು. ಚರ್ಮ ಬಂದು, ಒಣಗಿ, ಎಣ್ಣೆ ಕುಡಿಯುವ ಹೊತ್ತಿಗೆ ಎಳ್ಳಮಾವಾಸ್ಯೆ ದಾಟಿತು, ಮತ್ತೆ ಬಂಡೆ ಎದ್ದವು. ಮಾರನೆಯ ವರ್ಷ ಅಧಿಕ ಮಾಸ ಬಂತು, ಪಯಣ ಹೊರಡುವಂತಿಲ್ಲ ಎಂಬ ನೆವ ತಾನಾಗಿ ಸಿಕ್ಕಿತು. ಆ ವರ್ಷ ನಾವು ಹಬ್ಬ ಮಾಡಿದೆವು.

ವಾಡೆಯವರು ಹೊಳೆಯನ್ನು ಮಾಳಿಗೆಯ ಮೇಲಿಂದ ನೋಡಿದವರೇ ಹೊರತು ಅದರ ಹಂಗಾಮು ತಿಳಿದವರಲ್ಲ. ಧಣಿ ಎಲ್ಲವನ್ನೂ ನಂಬುತ್ತಿದ್ದ. ಬಾಗಿಲ ಹಿಂದೆ ಕೆಮ್ಮು ಕೇಳುತ್ತಿತ್ತು. ಹೊಳೆಯಲ್ಲಿ ಬೆಳೆದ ಅವ್ವಾರಿಗೆ ನಮ್ಮ ನೆವಗಳಲ್ಲಿ ಯಾವುದು ದಿಟ, ಯಾವುದು ಸುಳ್ಳು ಎಂದು ಗೊತ್ತಾಗುತ್ತಿತ್ತು. ಅವರು ಒಂದು ದಿನವೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಎರಡನೆಯ ಚಳಿಗಾಲ. ಒಂದು ಮುಂಜಾನೆ ಪರದೆ ಕಟ್ಟಿದ ಬಂಡಿ ಘಾಟಿಗೆ ಬಂತು. ಒಬ್ಬ ಆಳುಹೆಂಗಸಿನ ಹೆಗಲು ಹಿಡಿದು ಅವ್ವಾರು ಇಳಿದರು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಕೃಶರಾಗಿದ್ದರು.  ಹರಿಗೋಲತ್ತಿ ಬೆನ್ನು ತಿರುಗಿಸಿಯೇ ಕೂತಿದ್ದಳು. ಅವ್ವಾರು ಅವಳ ಹಿಂದೆ, ಮರಳಿನ ಮೇಲೆ, ನೆಲಕ್ಕೇ ಕೂತರು.

"ನೀ ಯಾಕ ಒಲ್ಲಿ ಅಂತ ನನಗ ಗೊತ್ತದವ್ವ" ಅಂದರು. "ಆ ದಿನ ನಾ ಮಾಳಗಿ ಮ್ಯಾಲ ನಿಂತಿದ್ದೆ. ಬ್ಯಾಡ್ರಿ ಅಂತ ಒಂದ್ ಮಾತು ಕೆಳಗ ಒದರಿದ್ರ ಸಾಕಿತ್ತು. ಒದರಲಿಲ್ಲ. ಅಂಜಿದೆ."

ಅತ್ತಿಯ ಕೈಯಲ್ಲಿ ಬಲೆಯ ದಾರ ನಿಂತಿತು.

"ಹರಿಗೋಲು ಬಂಡೆಗಲ್ಲಿನ ಮರೀಗಿ ಹೋದದ್ದು ಮ್ಯಾಲಿಂದ ನನಗ ಕಂಡದ. ನಿನ್ನ ಮಗ ಹುಟ್ಟು ಒಗದ. ಎರಡೂ ಕೈ ಎತ್ತಿ ಮುಗದ. ಹೊಳಿಗಿ ಮುಗದ್ನೋ, ನಿಮ್ಮ ಮನಿ ಕಡಿ ಮುಗದ್ನೋ ತಿಳೀಲಿಲ್ಲ…"

ಆಗ ಹರಿಗೋಲತ್ತಿ ತಿರುಗಿದಳು. ಮಗ ಹೋದ ಮೇಲೆ ವಾಡೆಯ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಅವ್ವಾರ ಮುಖವನ್ನು ದಿಟ್ಟಿಸಿ ಒಂದೇ ಮಾತು ಕೇಳಿದಳು.

"ಚೀರ್ಯಾನೇನ್ರಿ?"

"ಇಲ್ಲವ್ವ. ಚೀರಲಿಲ್ಲ."

ಅಷ್ಟೇ. ಬಂಡಿ ತಿರುಗಿ ಹೋಯಿತು. ನನಗೆ ಸಿಟ್ಟು ಉಕ್ಕುತ್ತಿತ್ತು. ನೋಡುತ್ತ ನಿಂತವಳು ಈಗ ಬಂದು ಹೇಳಿದರೆ ಆಯಿತೇ? ಆದರೆ ಅವತ್ತು ಸಂಜೆ ಪಕ್ಕದ ಅಂಗಳದಿಂದ ಔಡಲೆಣ್ಣೆ ಕಾಸುವ ವಾಸನೆ ಬಂತು. ಹೋಗಿ ನೋಡಿದರೆ ಅತ್ತಿ ಹರಿಗೋಲನ್ನು ಬೋರಲು ಹಾಕಿಕೊಂಡು ಚರ್ಮಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಕಣ್ಣೀರು ಧಾರೆಧಾರೆ ಹರಿಯುತ್ತಿತ್ತು. ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಮೂರನೆಯ ದಿನ ನನ್ನನ್ನು ಕರೆದಳು. "ವಾಡೇಕ ಹೋಗಿ ಹೇಳು. ಸೋಮವಾರ ಮುಂಜಾನಿ ಬರ್ಲಿ. ಹೊಳಿ ಈಗ ಹಾಲಿನಂಗ ಅದ, ಗಾಳಿ ಇಲ್ಲ. ಸೀಗಿ ಹುಣ್ಣಿಮಿಲಿಂದ ಎಳ್ಳಮಾವಾಸಿತನಕ, ಇದ ಹಂಗಾಮ. ಆಮ್ಯಾಲ ಕಲ್ಲು ಏಳ್ತಾವ. ಆಕೀನ್ನ ನಾನ ಒಯ್ತೀನಂತ ಹೇಳು."

ಹೇಳಬೇಕೆಂದೇ ಹೊರಟೆ. ಇದನ್ನು ಯಾರು ನಂಬಲಿ, ಬಿಡಲಿ, ದೇವರಾಣೆಗೂ ಹೇಳಬೇಕೆಂದೇ ಹೊರಟಿದ್ದೆ.

ವಾಡೆಯ ಕಟ್ಟೆಯ ಮೇಲೆ ಧಣಿ ಕೂತಿದ್ದ. ಒಬ್ಬ ಆಳು ಅವನ ಕಾಲು ಒತ್ತುತ್ತಿದ್ದ. ನನ್ನನ್ನು ನೋಡಿದವನೇ, ಅದೇನು ಹಾಸ್ಯವೆಂದುಕೊಂಡನೋ, ಕೇಳಿದ. "ಬಾ ಬಾ. ಏನಂತಾನ ನಿನ್ನ ಕುಂಟ? ಈಗರ ಬಾಯಿ ಬಂದ್ ಆಗ್ಯಾದೋ ಇಲ್ಲೋ?"

ಕಾಲು ಒತ್ತುತ್ತಿದ್ದ ಆಳೂ ನಕ್ಕ.

ಆವತ್ತು ಬೆಳಿಗ್ಗೆ ಹೊಲದ ಬದುವಿನಲ್ಲಿ ನಮ್ಮ ಮನೆಯವರು ಎಡವಿ ಬಿದ್ದು, ಯಾರೂ ನೋಡಲಿಲ್ಲವೆಂದು ಸುತ್ತ ಕಣ್ಣಾಡಿಸಿ ತಾವೇ ಎದ್ದು ನಿಂತಿದ್ದರು. ನಾನು ನೋಡಿದ್ದೆ. ನೋಡದವಳ ಹಾಗೆ ಇದ್ದೆ. ಅದೆಲ್ಲ ಒಮ್ಮೆಲೇ ನೆನಪಿಗೆ ಬಂತು. ನನ್ನ ಬಾಯಿಂದ ಬಂದ ಮಾತು ಬೇರೆ.

"ಈ ವರ್ಷ ಆಗಂಗಿಲ್ಲಂತ್ರಿ. ನೀರು ಇಳದದಂತ. ಮುಂದಿನ ಸೀಗಿ ಹುಣ್ಣಿಮಿಗಿ ನೋಡೂಣು ಅಂದಾಳ."

ಅವನ ನಗು ಉದುರಿತು. ಕಾಲು ಎಳೆದುಕೊಂಡು ಎದ್ದು ನಿಂತ. "ಹಂಗನಬ್ಯಾಡ ನಮ್ಮವ್ವ" ಅಂದ. "ಮುಂದಿನ ವರ್ಷತನಕ ಆಕಿ… ನೀ ಒಂದ್ ಮಾತು ತಿಳಿಸಿ ಹೇಳು ಆಕಿಗಿ. ನಾ ಬೇಕಾರ ಬಂದು ಕಾಲ್ ಹಿಡೀತೀನಿ."

ಲೇ ಎನ್ನದೆ ನಮ್ಮನ್ನು ಮಾತಾಡಿಸದವನು ನನ್ನನ್ನು ಅವ್ವ ಅಂದ.  "ಕಾಲ್ ಹಿಡದ್ರ ಹೊಳಿಗಿ ನೀರು ಬರ್ತಾವೇನ್ರಿ?" ಅಂದೆ ನಾನು. ಅಂದು, ಬೆನ್ನು ತಿರುಗಿಸಿ ಬಂದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಹಗುರವಾಗಿ ನಾನು ಆ ಊರಿನ ಓಣಿಯಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ, ಆಮೇಲೂ ನಡೆಯಲಿಲ್ಲ.

ಅಂಗಳದಲ್ಲಿ ಅತ್ತಿ ಕಾದಿದ್ದಳು. "ಹೇಳ್ದ್ಯಾ?"

"ಹೇಳ್ದೆ."

ಸೋಮವಾರ ನಾನು ಹೊಲಕ್ಕೆ ಹೋಗಲಿಲ್ಲ, ಮೈ ಸರಿಯಿಲ್ಲವೆಂದೆ. ಮನೆಯ ಹಿತ್ತಿಲಿನಿಂದ ಘಾಟು ಕಾಣುತ್ತಿತ್ತು. ಬೆಳಕು ಹರಿಯುವ ಮೊದಲೇ ಅವಳು ಹರಿಗೋಲು ನೀರಿಗೆ ಇಳಿಸಿದ್ದಳು. ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಬಿಸಿಲಿಗೆಂದು ಜೋಳದ ದಂಟಿನ ಮರೆ ಕಟ್ಟಿದ್ದಳು. ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಕುಡಿಯುವ ನೀರಿನ ಕೊಡ. ಅವ್ವಾರ ಉಡಿ ತುಂಬಲೆಂದು ಹಸಿರು ಬಳೆ, ಕುಬಸದ ಕಣ, ಅಕ್ಕಿ. ಅಕ್ಕಿ ಅವಳ ಮನೆಯಲ್ಲಿ ಹಬ್ಬಕ್ಕೂ ಇರುತ್ತಿರಲಿಲ್ಲ. ಎಲ್ಲಿಂದ ತಂದಿದ್ದಳೋ… ಹೊಳೆ ಅಲುಗದೆ ಮಲಗಿತ್ತು. ಅವಳು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಊರ ದಾರಿ ನೋಡುತ್ತ ಕೂತಳು.

ಬಿಸಿಲು ನೆತ್ತಿಗೆ ಬಂತು. ಬಂಡಿ ಬರಲಿಲ್ಲ. ಆಗಲಾದರೂ ನಾನು ಓಡಬಹುದಿತ್ತು. ವಾಡೆ ಎಷ್ಟು ದೂರ? ಒಂದು ಓಣಿ. ಹಿತ್ತಿಲ ಗೋಡೆ ಹಿಡಿದು ನಿಂತೇ ಇದ್ದೆ. ಓಡಿದರೆ ನನ್ನ ಸುಳ್ಳು ಹೊರಗೆ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವ್ವ ಅಂದ ಆ ಬಾಯಿಂದ ಇನ್ನೂ ಒಂದಷ್ಟು ದಿನ ಬೇಡಿಸಬೇಕೆಂದಿತ್ತು. ಹೊತ್ತು ಇಳಿದಾಗ ಅತ್ತಿ ಎದ್ದು, ಉಡಿಯ ಸಾಮಾನನ್ನು ಒಂದೊಂದಾಗಿ ಹೊಳೆಗೆ ಬಿಟ್ಟಳು. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ, "ದೊಡ್ಡ ಮಂದಿಗಿ ನಮ್ಮ ಹರಿಗೋಲು ಹೇಸಿಗಿ ಕಾಣ್ತದ."

ಅವ್ವಾರು ಹೋಳಿ ಹುಣ್ಣಿಮೆಗೆ ಮೊದಲೇ ಹೋದರು. ಹೆಣ ಘಾಟಿನ ಮುಂದಿನಿಂದಲೇ ಹೋಯಿತು. ಅದರ ಹಿಂದೆ ಟೊಪ್ಪಿಗೆಯಿಲ್ಲದೆ ಬರುತ್ತಿದ್ದ ಧಣಿ ಹರಿಗೋಲತ್ತಿಯ ಮುಂದೆ ನಿಂತ. ಜಗಳವಾಡಲಿಲ್ಲ. ಸಣ್ಣ ದನಿಯಲ್ಲಿ, "ಇನ್ನೊಂದ್ ವರ್ಷ ಅಂದಿ. ಆಕಿಗಿ ವರ್ಷ ಎಲ್ಲಿತ್ತು?" ಅಂದು ಮುಂದೆ ನಡೆದ.

ಅವಳಿಗೆ ತಿಳಿಯಲು ಅಷ್ಟು ಸಾಕಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಮೆಲ್ಲಗೆ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆ, ಬಡಿಯುತ್ತಾಳೆ ಎಂದುಕೊಂಡೆ. ಮುಖ ತಿರುಗಿಸಿ ಹರಿಗೋಲಿನ ಕಡೆ ನಡೆದಳು. ಮರುದಿನ ಹೊಲಕ್ಕೆ ಹೋಗಲು ಘಾಟಿಗೆ ಹೋದಾಗ ಎಂದಿನಂತೆ ದಾಟಿಸಿದಳು. ಆದರೆ ಹತ್ತುವಾಗ ಕೈ ಚಾಚಲಿಲ್ಲ. ನಾನು ನೀರಿಗಿಳಿದು, ಸೀರೆ ನೆನೆಸಿಕೊಂಡು, ತಡವರಿಸಿ ನಾನೇ ಹತ್ತಿದೆ. ಆಮೇಲೆ ಅವಳು ಬದುಕಿದ್ದ ನಾಲ್ಕೈದು ವರ್ಷವೂ ಹಾಗೇ. ಪಂಚಾಂಗ ಓದಲು ಕರೆಯಲಿಲ್ಲ. ಅವಳ ಅಂಗಳದಲ್ಲಿ ಎಣ್ಣೆ ಕಾದರೆ ವಾಸನೆ ಮಾತ್ರ ಗೋಡೆ ದಾಟಿ ಬರುತ್ತಿತ್ತು.

ಧಣಿಯ ಬಗ್ಗೆ ನನಗೆ ಇವತ್ತಿಗೂ ಮರುಕವಿಲ್ಲ. ಅವನು ಇನ್ನೂ ಇಪ್ಪತ್ತು ವರ್ಷ ಬದುಕಿ, ಹೊಳೆಯ ಕಡೆಯ ಕಿಟಕಿ ಮುಚ್ಚಿಸಿಕೊಂಡು ಕತ್ತಲಲ್ಲಿ ಸತ್ತ. ಸುದ್ದಿ ಬಂದ ದಿನ ಹೋಳಿಗೆ ಮಾಡಿ ಮನೆಮಂದಿಗೆಲ್ಲ ಬಡಿಸಿದೆ. ಇನ್ನೊಮ್ಮೆ ಸತ್ತರೆ ಇನ್ನೊಮ್ಮೆ ಮಾಡುತ್ತೇನೆ. ಆದರೆ ಅವನಿಗೆಂದು ಎತ್ತಿದ ಏಟು ಬಿದ್ದದ್ದು ಯಾರಿಗೆ? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಹರಿಗೋಲತ್ತಿ ತನ್ನ ಹಗೆಯನ್ನು ಹೊಳೆಗೆ ಬಿಟ್ಟು ಬರಲು ಹೊರಟಿದ್ದಳು. ನಾನು ಅವಳನ್ನು ದಂಡೆಯಲ್ಲೇ ಕೂಡಿಸಿದೆ. ಹೇಳಿ ಕ್ಷಮೆ ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ, ಬರುವಷ್ಟರಲ್ಲಿ ಅವಳು ಇರಲಿಲ್ಲ…

"ಆಯೀ, ನಿದ್ದಿ ಹತ್ತಿತೇನು? ಯಾವ ಹಂಗಾಮಂತ ಹೇಳಲೇ ಇಲ್ಲ."

ಸೊಸೆ ಎಣ್ಣೆಯ ಬಟ್ಟಲು ತಂದು ಮಂಚದ ಮೇಲಿಟ್ಟಳು. ನಾನು ಅದರಲ್ಲಿ ಬೆರಳು ಅದ್ದಿದೆ, ಬೆಚ್ಚಗಿತ್ತು.

"ಸೀಗಿ ಹುಣ್ಣಿಮಿ ಆದ ಮ್ಯಾಲ ಹೋಗ್ರಿ" ಅಂದೆ. "ಎಳ್ಳಮಾವಾಸಿ ಒಳಗ. ನೀರು ಹಾಲಿನಂಗ ಇರ್ತದ, ಗಾಳಿ ಇರಂಗಿಲ್ಲ. ಸೋಮವಾರ ಮುಂಜಾನಿ ಹೊಂಡ್ರಿ."

ಮೊಮ್ಮಗಳು ನಕ್ಕಳು. "ಸೋಮವಾರ ನಮಗ ಸಾಲಿ ಇರ್ತದ ಆಯಿ. ಸೋಮವಾರನ ಯಾಕ?"

"ಹಂಗ ಹೇಳಂತ ಹೇಳ್ಯಾಳವ್ವ" ಅಂದೆ.

"ಯಾರು?" ಅಂದಳು ಅವಳು.